ಸ್ಮಾರ್ಟ್ ಬಿಲ್ಡಿಂಗ್‌ಗೆ ಅಂಕ ಕೊಡೋದು ಹೇಗೆ? ಕಲಬುರಗಿಯ ಮೂರು ಕಟ್ಟಡ, ಒಂದು ಫಜ್ಜಿ ಲೆಕ್ಕ

ತೊಗರಿಕಣಜ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಪತ್ತಿನ ಸಹಕಾರ ಸಂಘ ಇದೆ. ಈಗಿನ ಕಚೇರಿ ಇಕ್ಕಟ್ಟಾಗಿದೆ. 9 ವರ್ಷದ ಲೀಸ್ ಮೇಲೆ ಹೊಸ ಜಾಗ ಹುಡುಕುತ್ತಿದ್ದೇವೆ. ನಾನು ಸಿವಿಲ್ ಓದಿ ಪಾಠ ಮಾಡುವವಳು. ಅದಕ್ಕೇ ಸಂಘದವರು "ಅಕ್ಕೋರೇ, ನೀವೇ ಲೆಕ್ಕ ಹಾಕಿ ಹೇಳ್ರಿ" ಅಂತ ಜವಾಬ್ದಾರಿ ಕೊಟ್ಟಿದ್ದಾರೆ.

ಮೂರು ಕಟ್ಟಡ ಮುಂದಿವೆ. ಒಂದನೆಯದು ರಿಂಗ್ ರೋಡ್ ಕಡೆ, 5 ಅಂತಸ್ತು, ಪಶ್ಚಿಮಕ್ಕೆ ಪೂರ್ತಿ ಗಾಜು. ಏಸಿ, ದೀಪ, ಬಾಗಿಲು, ಕ್ಯಾಮೆರಾ ಎಲ್ಲ ಒಂದೇ ಪರದೆಯಿಂದ ನಡೆಯುತ್ತದೆ. ಎರಡನೆಯದು ಸೇಡಂ ರಸ್ತೆಯಲ್ಲಿ, 3 ಅಂತಸ್ತು, ಗಾಜು ಕಡಿಮೆ, ದೊಡ್ಡ ಸಂಪ್, ಸೋಲಾರ್ ಇದೆ, ಆಟೋಮೇಷನ್ ಅರ್ಧಂಬರ್ಧ. ಮೂರನೆಯದು ಹಳೇ ಊರಿನ ಕಡೆ. ನೆಲ ಮತ್ತು ಒಂದು ಮಹಡಿ, ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಫರ್ಶಿಯ ನೆಲ. ಅಲ್ಲಿ ಆಟೋಮ್ಯಾಟಿಕ್ ಅಂತ ಇರೋದು ನೀರಿನ ಮೋಟರ್ ಒಂದೇ.

ನಾನು ನಾಲ್ಕು ಅಂಶ ಹಿಡಿದೆ: ಆಟೋಮೇಷನ್, ತಂಪು, ನೀರು-ಕರೆಂಟ್ ಕೈಕೊಟ್ಟಾಗ ತಡೆದುಕೊಳ್ಳುವ ಶಕ್ತಿ, ದುರಸ್ತಿಯ ಸುಲಭ. ಇದನ್ನೆಲ್ಲ 10ಕ್ಕೆ 7, 10ಕ್ಕೆ 8 ಅಂತ ನೇರ ಅಂಕದಲ್ಲಿ ಹೇಳಿ ಅಂದರೆ ಜನ ತಡವರಿಸುತ್ತಾರೆ. "ಪರವಾಗಿಲ್ಲ", "ಅಷ್ಟಕ್ಕಷ್ಟೆ" ಅಂತ ಕೇಳಿದರೆ ತಕ್ಷಣ ಉತ್ತರ ಬರುತ್ತದೆ. ಹಾಗಾಗಿ ಫಜ್ಜಿ ವಿಧಾನ ಹಿಡಿದೆ, ಅಂದರೆ ಖಚಿತ ಗೆರೆ ಇಲ್ಲದ ಮಾತನ್ನೂ ಅಂಕಿಗೆ ತರುವ ಲೆಕ್ಕ. ಪ್ರತಿ ಮಾತಿಗೂ ಮೂರು ಅಂಕಿಯ ತ್ರಿಕೋನ: ಕಡಿಮೆ ಅಂದರೆ ಎಷ್ಟು, ಸರಿಸುಮಾರು ಎಷ್ಟು, ಹೆಚ್ಚೆಂದರೆ ಎಷ್ಟು.

ಕಳಪೆ (0, 1, 3)
ಅಷ್ಟಕ್ಕಷ್ಟೆ (1, 3, 5)
ಸಾಧಾರಣ (3, 5, 7)
ಪರವಾಗಿಲ್ಲ (5, 7, 9)
ಚೆನ್ನಾಗಿದೆ (7, 9, 10)
ಬಹಳ ಚೆನ್ನಾಗಿದೆ (9, 10, 10)

ಪ್ರತಿ ಕಟ್ಟಡಕ್ಕೂ ಮೂವರನ್ನು ಕೇಳಿದೆ: ಸಂಘದ ಒಬ್ಬ ನಿರ್ದೇಶಕರು, ನಾನು, ಆಯಾ ಕಟ್ಟಡದ ವಾಚ್‌ಮನ್ ಅಥವಾ ಪಂಪ್ ನೋಡುವವರು. ಮೂವರ ತ್ರಿಕೋನ ಸೇರಿಸಿ ಸರಾಸರಿ ತೆಗೆದೆ. ಆಮೇಲೆ ತೂಕ, ಅಂದರೆ ಯಾವ ಅಂಶ ಎಷ್ಟು ಮುಖ್ಯ ಅನ್ನೋದು. ಬುದ್ಧಿವಂತ ಕಟ್ಟಡ ಅಂದಮೇಲೆ ಆಟೋಮೇಷನ್‌ಗೇ ಜಾಸ್ತಿ ಕೊಡಬೇಕು ಅಂತ ನಿರ್ದೇಶಕರು ಹೇಳಿದರು. ಆಟೋಮೇಷನ್ 0.5, ತಂಪು 0.2, ತಡೆಯುವ ಶಕ್ತಿ 0.2, ದುರಸ್ತಿ 0.1.

ಬಂದ ಫಲ: ಗಾಜಿನ ಕಟ್ಟಡ 7.0, ಸೇಡಂ ರಸ್ತೆಯದು 6.3, ಕಲ್ಲಿನದು 4.5.

ಲೆಕ್ಕ ಸರಿ ಇದೆ, ಎರಡು ಸಲ ನೋಡಿದೆ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಮೊನ್ನೆ ಮಧ್ಯಾಹ್ನ ಆ ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕಿಟಕಿ ಪಕ್ಕ ನಿಂತಿದ್ದೆ. ಏಸಿ ನಡೆಯುತ್ತಿತ್ತು, ಆದರೂ ಮುಖಕ್ಕೆ ಝಳ ಹೊಡೆಯುತ್ತಿತ್ತು. ಎಲ್ಲಿ ತಪ್ಪಿದೆ ಹೇಳ್ತೀರಾ?

ಭೀಮಾತೀರ:

ಮೇಡಂ, ಯಾದಗಿರಿಯಿಂದ, ಎಂ.ಟೆಕ್. ಓದುತ್ತಿದ್ದೇನೆ. ಫಜ್ಜಿ ಅಂದರೆ ಸುಮ್ನೆ ಅಂದಾಜು ಅಂತಲೇ ನಮ್ಮ ತರಗತಿಯಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಅಂದಾಜಿನ ಮೇಲೆ 9 ವರ್ಷದ ಲೀಸ್ ಮಾಡಬಹುದಾ?

ಲೆಕ್ಕದಮೇಷ್ಟ್ರು:

ತಮ್ಮಾ, ಒಳ್ಳೆಯ ಪ್ರಶ್ನೆ. ಫಜ್ಜಿ ಅಂದರೆ ಅಂದಾಜು ಅಲ್ಲ. ಅಂದಾಜಿಗೂ ಒಂದು ಅಗಲ ಇದೆ, ಆ ಅಗಲವನ್ನು ಅಳೆದು ಬರೆದಿಡೋದು ಫಜ್ಜಿ.

"ಸೆಕೆ" ಅನ್ನೋ ಪದ ತೆಗೆದುಕೋ. 30 ಡಿಗ್ರಿ ಸೆಕೆಯೋ ಅಲ್ಲವೋ? ಬೆಂಗಳೂರಿನಿಂದ ಬಂದವರು ಬೀಸಣಿಗೆ ಕೇಳುತ್ತಾರೆ. ಮೇ ತಿಂಗಳಲ್ಲಿ 42 ನೋಡಿದ ನಮ್ಮವರು "ಇವತ್ತು ತಂಪದ" ಅನ್ನುತ್ತಾರೆ. 29.9ಕ್ಕೆ ಸೆಕೆ ಇಲ್ಲ, 30ಕ್ಕೆ ಸೆಕೆ ಇದೆ ಅಂತ ಗೆರೆ ಎಳೆದರೆ ಅದೇ ಸುಳ್ಳು. 1965ರಲ್ಲಿ ಲೋಟ್ಫಿ ಝಾಡೆ ಹೇಳಿದ್ದು ಇದನ್ನೇ. ಬಾಕುವಿನಲ್ಲಿ ಹುಟ್ಟಿ, ಅಮೆರಿಕದ ಬರ್ಕಲಿಯಲ್ಲಿ ಪಾಠ ಮಾಡಿದವರು. ಒಂದು ಗುಂಪಿಗೆ ಸೇರುವುದು ಇಲ್ಲ-ಹೌದು ಅಂತ 0 ಅಥವಾ 1 ಆಗಬೇಕಿಲ್ಲ. 0.3ರಷ್ಟು ಸೇರಬಹುದು, 0.8ರಷ್ಟು ಸೇರಬಹುದು ಅಂದರು. 30 ಡಿಗ್ರಿ "ಸೆಕೆ"ಗೆ 0.3ರಷ್ಟು ಸೇರಿದರೆ 40 ಡಿಗ್ರಿ ಪೂರ್ತಿ ಸೇರುತ್ತದೆ. 1987ರಲ್ಲಿ ಜಪಾನಿನ ಸೆಂಡೈ ಮೆಟ್ರೋ ರೈಲು ಇದೇ ತರ್ಕದ ಮೇಲೆ ಓಡಲು ಶುರುವಾಯಿತು. ಅಂದಾಜಿನ ಮೇಲೆ ಯಾರೂ ರೈಲು ಓಡಿಸುವುದಿಲ್ಲ ಅಲ್ವಾ?

ಇನ್ನೊಂದು ಗೊಂದಲ ಬೇಡ. "ನಾಳೆ ನೀರು ಬರಬಹುದು" ಅನ್ನೋದು ಸಂಭವದ ಮಾತು. ನಾಳೆ ಬೆಳಗಾದರೆ ಬಂತೋ ಇಲ್ಲವೋ ಗೊತ್ತಾಗುತ್ತದೆ. "ನೀರು ಸಾಕಷ್ಟಿದೆ" ಅನ್ನೋದು ಫಜ್ಜಿ ಮಾತು. ಸಂಪ್ ಕಣ್ಣ ಮುಂದೆ ಇದ್ದರೂ ಅದು ಸಾಕಷ್ಟು ಹೌದೋ ಅಲ್ಲವೋ ಅನ್ನೋದಕ್ಕೆ ಗೆರೆ ಇಲ್ಲ.

ಅಕ್ಕೋರೇ, ನಿಮ್ಮ ತ್ರಿಕೋನಗಳಲ್ಲಿ ತಪ್ಪಿಲ್ಲ. ನೀರಿನ ಸಾಲಿನಲ್ಲಿ ಗಾಜಿನ ಕಟ್ಟಡಕ್ಕೆ ಆ ಮೂವರೂ ಏನೇನು ಹೇಳಿದರು? ಬಿಡಿಬಿಡಿಯಾಗಿ ಹಾಕಿ.

ತೊಗರಿಕಣಜ:

ನಿರ್ದೇಶಕರು: ಪರವಾಗಿಲ್ಲ (5, 7, 9). ನಾನು: ಸಾಧಾರಣ (3, 5, 7). ವಾಚ್‌ಮನ್: ಕಳಪೆ (0, 1, 3). ಸರಾಸರಿ (2.67, 4.33, 6.33), ಆ ಮೂರನ್ನೂ ಕೂಡಿ 3ರಿಂದ ಭಾಗಿಸಿದರೆ ತ್ರಿಕೋನದ ಮಧ್ಯ 4.44. ಉಳಿದ ಸಾಲುಗಳಲ್ಲಿ ಮೂವರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದ್ದರು.

ಲೆಕ್ಕದಮೇಷ್ಟ್ರು:

ನೋಡಿ, ಇಲ್ಲೇ ಇದೆ. ಮೂವರು ಒಂದೇ ಸಂಪ್ ನೋಡಿ ಮೂರು ಬೇರೆ ಮಾತು ಹೇಳಿದ್ದಾರೆ. ಸರಾಸರಿ ಆ ಜಗಳವನ್ನು ಮುಚ್ಚಿಬಿಟ್ಟಿತು. 4.44 ಅಂತ ಆ ಮೂವರಲ್ಲಿ ಒಬ್ಬರೂ ಹೇಳಿಲ್ಲ. ವಾಚ್‌ಮನ್ ಯಾಕೆ ಕಳಪೆ ಅಂದರು, ಕೇಳಿದಿರಾ?

ಪ್ಯಾನಲ್‌ಬೋರ್ಡ್:

ಅಕ್ಕಾ, ನಾನು 14 ವರ್ಷದಿಂದ ಕಟ್ಟಡಗಳ ಕರೆಂಟ್ ಮತ್ತು ಆಟೋಮೇಷನ್ ಕೆಲಸ ಮಾಡುತ್ತಿದ್ದೇನೆ. ಕಲಬುರಗಿ, ಬೀದರ್ ಎರಡೂ ಕಡೆ. ಮೇಷ್ಟ್ರು ಕೇಳಿದ್ದನ್ನು ಖಂಡಿತ ಕೇಳಿ. ಕಟ್ಟಡದ ನಿಜ ಗೊತ್ತಿರೋದು ರಾತ್ರಿ ಪಾಳಿಯವರಿಗೆ.

ನನ್ನ ಅನುಭವ ಒಂದು ಹೇಳ್ತೀನಿ. ಒಂದು ಕಟ್ಟಡ, ಹೆಸರು ಬೇಡ. ದೊಡ್ಡ ಪರದೆ, ಪ್ರತಿ ಕೋಣೆಯ ತಾಪ ಬಣ್ಣದಲ್ಲಿ ಕಾಣುತ್ತದೆ. ಉದ್ಘಾಟನೆಗೆ ಬಂದವರೆಲ್ಲ ಫೋಟೋ ತೆಗೆದುಕೊಂಡರು. ಎರಡನೇ ಬೇಸಿಗೆಗೆ ನನ್ನನ್ನು ಕರೆದರು. ಪರದೆಯಲ್ಲಿ 24 ಡಿಗ್ರಿ, ಒಳಗೆ ಕೂತವರ ಅಂಗಿ ಬೆನ್ನಿಗೆ ಅಂಟಿದೆ. ನೋಡಿದರೆ ಸೆನ್ಸರ್ ಕೂರಿಸಿದ್ದು ಏಸಿ ಗಾಳಿ ಬೀಳುವ ಜಾಗದಲ್ಲಿ. ಅದಕ್ಕೆ ತಂಪು ಸಿಗುತ್ತಿತ್ತು, ಮನುಷ್ಯರಿಗೆ ಇಲ್ಲ. ಸೆನ್ಸರ್ ಸರಿಸಿ, ಸೆಟ್ಟಿಂಗ್ ಬದಲಿಸೋಣ ಅಂದರೆ ಪಾಸ್‌ವರ್ಡ್ ಯಾರ ಹತ್ತಿರವೂ ಇಲ್ಲ. ಹಾಕಿಕೊಟ್ಟ ಕಂಪನಿಯವರು ಬೇರೆ ಊರಲ್ಲಿ, ವಾರ್ಷಿಕ ನಿರ್ವಹಣೆ ಒಪ್ಪಂದ ಮುಗಿದಿತ್ತು. ಯಂತ್ರಗಳು ಒಂದಕ್ಕೊಂದು ಮಾತಾಡುವ ಭಾಷೆಯೂ ಅವರದೇ ಖಾಸಗಿ ಭಾಷೆ. ಬೇರೆಯವರ ಸೆನ್ಸರ್ ತಂದು ಹಾಕುವ ಹಾಗಿಲ್ಲ. 1995ರಿಂದ ಬ್ಯಾಕ್‌ನೆಟ್ ಅನ್ನೋ ತೆರೆದ ನಿಯಮ ಇದೆ. ಅದನ್ನು ಪಾಲಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಕೊನೆಗೆ ಅವರು ಪರದೆ ಆಫ್ ಮಾಡಿ, ಒಬ್ಬ ಹುಡುಗನನ್ನು ಇಟ್ಟು ಏಸಿಗಳನ್ನು ಕೈಯಿಂದಲೇ ಆನ್-ಆಫ್ ಮಾಡಿಸುತ್ತಿದ್ದಾರೆ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಷ್ಟು ದುಡ್ಡು ಹಾಕಿದ್ದಾರೆ.

ಬ್ಯಾಟರಿ ಎಲ್ಲಿಟ್ಟಿದ್ದಾರೆ ಅಂತಲೂ ನೋಡಿ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಹೇಳೋದು 25 ಡಿಗ್ರಿಯ ಲೆಕ್ಕದಲ್ಲಿ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮಲ್ಲಿ ಬಹಳ ಕಡೆ ಬ್ಯಾಟರಿ ಇರೋದು ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿ. ಏಪ್ರಿಲ್‌ನಲ್ಲಿ ಅಲ್ಲಿ ಕೈ ಇಡೋಕಾಗಲ್ಲ. ಬೋರ್ ನೀರು ಗಡಸು, ಕೂಲಿಂಗ್ ಟವರ್ ಇದ್ದರೆ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ. ಸೋಲಾರ್ ಮೇಲೆ ಧೂಳು. ಇವು ಯಾವುವೂ ಮಾರುವವರ ಹಾಳೆಯಲ್ಲಿ ಇರುವುದಿಲ್ಲ.

ಹಾಗಾಗಿ ನಿಮ್ಮ ದುರಸ್ತಿ ತೂಕ 0.1 ನೋಡಿ ನನಗೆ ಬೇಸರವಾಯಿತು.

ಬೀದರ್‌ಕೋಟೆ:

ನಾನು ನಿವೃತ್ತ ಶಿಕ್ಷಕ, ಬೀದರ್. ಲೆಕ್ಕದ ವಿದ್ಯೆ ನನ್ನದಲ್ಲ, ಆದರೆ ಒಂದು ಮಾತು ಹೇಳಬೇಕು ಅನಿಸಿತು.

ಬುದ್ಧಿ ಅಂದರೆ ತಂತಿ, ಪರದೆ ಅಷ್ಟೇನಾ? ನಿಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗೆ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಮಾಡು. ಬೇಸಿಗೆಯ ಮಧ್ಯಾಹ್ನ ಒಳಗೆ ಹೋಗಿ ನಿಂತು ನೋಡಿ. ನಮ್ಮ ಬೀದರ್‌ನಲ್ಲಿ 1472ರ ಮಹಮೂದ್ ಗವಾನ್ ಮದರಸಾ ಇದೆ. ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿಗಳ ಸಾಲು ಇದೆ. ನೆಲದೊಳಗಿನ ನೀರು ಯಾವ ಮೋಟರ್ ಇಲ್ಲದೆ ಇಳಿಜಾರಿನಲ್ಲೇ ಹರಿದು ಬರುತ್ತದೆ, ದಾರಿಯಲ್ಲಿ ಬಿಸಿಲಿಗೆ ಆರಿಹೋಗುವುದಿಲ್ಲ. ಕಟ್ಟಿದವರು ನೆಲ, ಗಾಳಿ, ಬಿಸಿಲು ಮೂರನ್ನೂ ಓದಿಕೊಂಡಿದ್ದರು. ನಿಮ್ಮ ಪಟ್ಟಿಯಲ್ಲಿ ಆ ಓದಿಗೆ ಎಷ್ಟು ಅಂಕ, ಮಗಳೇ?

ತೊಗರಿಕಣಜ:

ಸರ್, ನಿಮ್ಮ ಪ್ರಶ್ನೆ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ಪಟ್ಟಿಯಲ್ಲಿ ಅದು "ತಂಪು" ಅನ್ನೋ ಒಂದೇ ಸಾಲಿನಲ್ಲಿ ಅಡಗಿಬಿಟ್ಟಿತ್ತು, ಅದಕ್ಕೆ ನಾನು ಕೊಟ್ಟಿದ್ದ ತೂಕ 0.2.

ನಕಾಶೆ:

ಆರ್ಕಿಟೆಕ್ಟ್ ಇಲ್ಲಿ. ಬೀದರ್ ಸರ್ ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆ ಕೊಡ್ತೀನಿ.

ಇಂಟೆಲಿಜೆಂಟ್ ಬಿಲ್ಡಿಂಗ್ ಅನ್ನೋ ಮಾತು ಹೆಚ್ಚು ಓಡಾಡಲು ಶುರುವಾದದ್ದು 1980ರ ದಶಕದ ಅಮೆರಿಕದಲ್ಲಿ. ಹಾರ್ಟ್‌ಫರ್ಡ್ ಊರಿನ ಸಿಟಿಪ್ಲೇಸ್ ಕಟ್ಟಡವನ್ನು ಮೊದಲನೆಯದು ಅಂತ ಸಾಮಾನ್ಯವಾಗಿ ಹೆಸರಿಸುತ್ತಾರೆ. ಆಗ ಅದರ ಅರ್ಥ ಕಂಪ್ಯೂಟರ್, ಫೋನ್, ಲಿಫ್ಟ್, ಏಸಿ ಒಂದೇ ಜಾಲದಲ್ಲಿ ಇರುವುದು, ಅಷ್ಟೆ. ಆಮೇಲೆ ಅರ್ಥ ಅಗಲವಾಯಿತು. ಒಳಗಿರುವವರಿಗೆ ಆರಾಮ, ಕರೆಂಟ್ ಉಳಿತಾಯ, ಪರಿಸರ ಎಲ್ಲ ಸೇರಿತು.

ಹೊರಗಿನ ಪಟ್ಟಿಯನ್ನು ಹಾಗೇ ತಂದರೆ ಏನಾಗುತ್ತದೆ ನೋಡಿ. ಯುರೋಪಿಯನ್ ಒಕ್ಕೂಟ 2018ರ ನಿರ್ದೇಶನದಲ್ಲಿ ಸ್ಮಾರ್ಟ್ ರೆಡಿನೆಸ್ ಇಂಡಿಕೇಟರ್ ಅಂತ, ಕಟ್ಟಡ ಎಷ್ಟು ಸ್ಮಾರ್ಟ್ ಅಂತ ಅಳೆಯುವ ಪಟ್ಟಿ ತಂದಿತು. ಒಳ್ಳೆಯ ಕೆಲಸವೇ. 9 ವಿಭಾಗ ಇವೆ: ಬಿಸಿ ಮಾಡುವುದು, ತಂಪು ಮಾಡುವುದು, ಬಿಸಿನೀರು, ಗಾಳಿ, ಬೆಳಕು, ಕಟ್ಟಡದ ಹೊರಮೈ, ವಿದ್ಯುತ್, ವಾಹನ ಚಾರ್ಜಿಂಗ್, ನಿಗಾ-ನಿಯಂತ್ರಣ. ಬಿಸಿನೀರು ಇದೆ. ನಲ್ಲಿಯಲ್ಲಿ ನೀರೇ ಬರದ ದಿನಕ್ಕೆ ವಿಭಾಗ ಇಲ್ಲ, ಯಾಕೆಂದರೆ ಅವರ ಊರಿನ ಚಿಂತೆ ಅದಲ್ಲ. ನಮ್ಮ ದೇಶದ 'ಗೃಹ' (GRIHA) ಅನ್ನೋ ಹಸಿರು ಕಟ್ಟಡಗಳ ರೇಟಿಂಗ್‌ನಲ್ಲಿ ನೀರಿಗೆ ಜಾಗ ಇದೆ. ಆದರೆ ಅದೂ ಇಡೀ ದೇಶಕ್ಕೆ ಮಾಡಿದ ಪಟ್ಟಿ. ತೂಕ ನಮ್ಮೂರಲ್ಲೇ ಹುಟ್ಟಬೇಕು.

ಆರಾಮದ ಬಗ್ಗೆ ಒಂದು ಮಾತು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಭಾರತೀಯ ಕಚೇರಿಗಳಿಗೇ ಒಂದು ಮಾದರಿ ಮಾಡಿದರು. ಕಿಟಕಿ ತೆರೆಯುವ ಕಟ್ಟಡದಲ್ಲಿ ಕೂರುವವರು ಊರಿನ ಹವೆಗೆ ಹೊಂದಿಕೊಂಡಿರುತ್ತಾರೆ, ಹೆಚ್ಚಿನ ತಾಪದಲ್ಲೂ ಆರಾಮಾಗಿರುತ್ತಾರೆ ಅನ್ನೋದು ಅದರ ಸಾರ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಅದು ಸೇರಿದೆ. ಹಾಗಾಗಿ ಎಲ್ಲ ಕಡೆ 24 ಡಿಗ್ರಿ ಇದ್ದರೆ ಮಾತ್ರ ಪೂರ್ತಿ ಅಂಕ ಅನ್ನಬೇಡಿ. ಕಲ್ಲಿನ ಕಟ್ಟಡಕ್ಕೆ ಅನ್ಯಾಯ ಆಗುತ್ತದೆ.

ಕಲ್ಲಿನ ಗೋಡೆಗೂ ಒಂದು ಗುಣ ಇದೆ, ತಿಳಿದಿರಲಿ. ಹಗಲು ಕುಡಿದ ಶಾಖವನ್ನು ಅದು ತಡವಾಗಿ, ರಾತ್ರಿ ಹೊತ್ತಿಗೆ ಒಳಗೆ ಬಿಡುತ್ತದೆ. ಮಲಗುವ ಮನೆಗೆ ಅದು ಕಷ್ಟ. ಹತ್ತರಿಂದ ಐದೂವರೆ ನಡೆಯುವ ಕಚೇರಿಗೆ ಅದೇ ವರ. ಶಾಖ ಒಳಗೆ ಬರುವ ಹೊತ್ತಿಗೆ ನೀವು ಬೀಗ ಹಾಕಿ ಮನೆಗೆ ಹೋಗಿರುತ್ತೀರಿ.

ತೊಗರಿಕಣಜ:

ವಾಚ್‌ಮನ್ ಕಾಕಾ ಅವರನ್ನು ಇವತ್ತು ಮತ್ತೆ ಮಾತಾಡಿಸಿ ಬಂದೆ. ಅವರು ಹೇಳಿದ್ದು ಇಷ್ಟು: ಸಂಪ್ ದೊಡ್ಡದೇ, ಆದರೆ ಅದಕ್ಕೆ ಸೇರುವ ನೀರು ಕಡಿಮೆ. ಫೆಬ್ರವರಿಯಿಂದ ಬೋರ್ ಕೈಕೊಡುತ್ತದೆ, ಟ್ಯಾಂಕರ್ ತರಿಸುತ್ತಾರೆ. ಟ್ಯಾಂಕರ್ ಬರೋದು ಬೆಳಗಿನ ಜಾವ. ನಾವು ನೋಡಲು ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಸಂಪ್ ತುಂಬಿತ್ತು. ಅವರನ್ನು ಬಿಟ್ಟು ನಾವಿಬ್ಬರೂ ತುಂಬಿದ ಸಂಪ್‌ಗೆ ಅಂಕ ಕೊಟ್ಟಿದ್ದೇವೆ. ಕರೆಂಟ್ ಹೋದಾಗ ಜನರೇಟರ್ ಮೇಲೆ ಲಿಫ್ಟ್ ಮತ್ತು ದೀಪ ಮಾತ್ರ, ಏಸಿ ಇಲ್ಲ. ಗಾಜು ತೆರೆಯುವುದಿಲ್ಲ. ಅಂದರೆ ನಾಲ್ಕನೇ ಮಹಡಿಯವರಿಗೆ ಗಾಳಿಗೆ ಬೇರೆ ದಾರಿಯೇ ಇಲ್ಲ.

ಮೂವರೂ ಮತ್ತೆ ಕೂತು ಮಾತಾಡಿದೆವು. ಆ ಸಾಲಿಗೆ ಈಗ ಒಪ್ಪಿದ ಮಾತು "ಅಷ್ಟಕ್ಕಷ್ಟೆ" (1, 3, 5). ಕಾಕಾ ಅದಕ್ಕೂ ತಲೆ ಅಲ್ಲಾಡಿಸಿದರು, ಆದರೆ ಸಂಪ್ ದೊಡ್ಡದು ಅನ್ನೋದನ್ನು ಒಪ್ಪಿದರು.

ಇನ್ನು ತೂಕ. ಈ ಸಲ ನಿರ್ದೇಶಕರನ್ನಷ್ಟೇ ಕೇಳಲಿಲ್ಲ. ಕ್ಯಾಶ್ ಕೌಂಟರಿನವರು, ಕಸ ಗುಡಿಸುವ ಅಮ್ಮ, ಪಿಂಚಣಿ ತೆಗೆದುಕೊಳ್ಳಲು ಬರುವ ಇಬ್ಬರು ಹಿರಿಯ ಸದಸ್ಯರು, ಎಲ್ಲರನ್ನೂ ಕೇಳಿದೆ. ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಜೋಡಿ ಹೋಲಿಕೆ ವಿಧಾನ ಬಳಸಿದೆ. ಎರಡೆರಡೇ ಅಂಶ ಮುಂದಿಟ್ಟು, ಯಾವುದು ಮುಖ್ಯ, ಎಷ್ಟು ಪಟ್ಟು, 1ರಿಂದ 9ರೊಳಗೆ ಹೇಳಿ ಅನ್ನೋದು.

ಒಬ್ಬರ ಉತ್ತರ ಹೀಗಿತ್ತು: ನೀರು ತಂಪಿಗಿಂತ 3 ಪಟ್ಟು, ತಂಪು ಆಟೋಮೇಷನ್‌ಗಿಂತ 3 ಪಟ್ಟು, ಆಟೋಮೇಷನ್ ನೀರಿಗಿಂತ 2 ಪಟ್ಟು. ಸುತ್ತು ಹೊಡೆಯಿತು. ಸಾಟಿಯವರ ಲೆಕ್ಕದಲ್ಲಿ ಮಾತಿನ ಹೊಂದಾಣಿಕೆ ಅಳೆಯುವ ಅನುಪಾತ 0.1ರೊಳಗೆ ಇರಬೇಕು. ಇವರದು 0.86 ಬಂತು. ಇದನ್ನು ತಪ್ಪು ಅಂತ ತಳ್ಳಿಹಾಕದೆ ಹೋಗಿ ಕೇಳಿದೆ. ಆಟೋಮೇಷನ್ ಅಂದರೆ ಲಿಫ್ಟ್ ಅಂತ ಅವರು ತಿಳಿದಿದ್ದರು. ಅವರ ಮೊಣಕಾಲು ನೋವು, ಲಿಫ್ಟ್ ಅವರಿಗೆ ನೀರಿಗಿಂತ ಮುಖ್ಯ. ಅವರ ಮಾತು ಸರಿಯೇ ಇತ್ತು, ನನ್ನ ಪ್ರಶ್ನೆ ತಪ್ಪಾಗಿತ್ತು. ಲಿಫ್ಟನ್ನು ಬೇರೆ ಮಾಡಿ ಮತ್ತೆ ಕೇಳಿದಾಗ ನೀರು ಆಟೋಮೇಷನ್‌ಗಿಂತ 6 ಪಟ್ಟು ಅಂದರು. ಅನುಪಾತ 0.02ಕ್ಕೆ ಇಳಿಯಿತು.

ಎಲ್ಲರದ್ದೂ ಸೇರಿಸಿ ದುಂಡು ಮಾಡಿದ ತೂಕ: ಆಟೋಮೇಷನ್ 0.1, ತಂಪು 0.3, ತಡೆಯುವ ಶಕ್ತಿ 0.4, ದುರಸ್ತಿ 0.2.

ಈಗಿನ ಫಲ: ಗಾಜಿನದು 4.3, ಸೇಡಂ ರಸ್ತೆಯದು 7.5, ಕಲ್ಲಿನದು 6.8. ನೀರಿನ ಅಂಕ ಸರಿಮಾಡದೆ ತೂಕ ಮಾತ್ರ ಬದಲಿಸಿದ್ದರೂ ಗಾಜಿನದು 4.8ಕ್ಕೇ ಬರುತ್ತಿತ್ತು. ಮೊದಲನೆಯದು ಕೊನೆಯದಾಯಿತು.

ಭೀಮಾತೀರ:

ಹಾಗಾದರೆ ತೂಕ ಬದಲಿಸಿ ಬೇಕಾದ ಕಟ್ಟಡವನ್ನು ಗೆಲ್ಲಿಸಬಹುದು ಅಂತಾಯಿತಲ್ಲ ಮೇಡಂ? ಮತ್ತೆ ವಿಧಾನ ಯಾಕೆ?

ಲೆಕ್ಕದಮೇಷ್ಟ್ರು:

ಗೆಲ್ಲಿಸಬಹುದು ತಮ್ಮಾ, ಹೌದು. ಅದಕ್ಕೇ ತೂಕ ಯಾರ ಬಾಯಿಂದ ಬಂತು ಅನ್ನೋದನ್ನು ಹಾಳೆಯಲ್ಲಿ ಬರೆದಿಡಬೇಕು. ಲೆಕ್ಕ ಇಲ್ಲದೆ ಆರಿಸಿದರೂ ತೂಕ ಇದ್ದೇ ಇರುತ್ತದೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಕಾಣುತ್ತದೆ. ಕಂಡದ್ದನ್ನು ಪ್ರಶ್ನೆ ಮಾಡಬಹುದು.

ಅಕ್ಕೋರೇ, ನೀವು ಒಂದು ಕೆಲಸ ಅವಸರದಲ್ಲಿ ಮಾಡಿದ್ದೀರಿ. 7.5, 6.8 ಅಂತ ಒಂದೊಂದೇ ಅಂಕಿ ಕೊಟ್ಟುಬಿಟ್ಟಿರಿ. ತ್ರಿಕೋನ ಕಟ್ಟಿದ್ದೇ ಅಗಲ ಉಳಿಸಿಕೊಳ್ಳಲು, ಕೊನೆಯ ಸಾಲಿನಲ್ಲಿ ಅದನ್ನು ಬಿಸಾಡಿದರೆ ಹೇಗೆ? ನೀವು ಕೊಟ್ಟ ಮಾತುಗಳಿಂದ ನಾನು ಕೂಡಿಸಿ ನೋಡಿದೆ:

ಗಾಜಿನದು (2.4, 4.3, 6.1)
ಸೇಡಂ ರಸ್ತೆ (5.6, 7.6, 9.2)
ಕಲ್ಲಿನದು (5.3, 6.9, 8.1)

ಗಾಜಿನದು ಮತ್ತು ಸೇಡಂ ರಸ್ತೆಯದು 5.6ರಿಂದ 6.1ರ ತನಕ, ಅಂಚಿನಲ್ಲಿ ಮಾತ್ರ ತಾಗುತ್ತವೆ. ಅಲ್ಲಿ ಧೈರ್ಯವಾಗಿ ಹೇಳಬಹುದು. ಆದರೆ ಸೇಡಂ ರಸ್ತೆಯದು ಮತ್ತು ಕಲ್ಲಿನದು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿವೆ. ಆ 0.7ರ ಅಂತರ ನೋಡಿ "ಸೇಡಂ ರಸ್ತೆಯದೇ ಮೇಲು" ಅಂದರೆ, ಜನ ಹೇಳದ ನಿಖರತೆಯನ್ನು ನೀವು ಸೇರಿಸಿದ ಹಾಗೆ. ಇವೆರಡನ್ನು ಮತ್ತೆ ಹೋಗಿ ನೋಡಬೇಕು ಅನ್ನೋದೇ ಲೆಕ್ಕ ಕೊಟ್ಟ ಉತ್ತರ.

ಭೀಮಾತೀರ, ನಿನ್ನ ಪ್ರಾಜೆಕ್ಟ್‌ಗೆ ಒಂದು ಎಚ್ಚರಿಕೆ. ತೂಕವನ್ನೂ ಫಜ್ಜಿ ಮಾಡಲು ಹೋದಾಗ ಬಹಳ ಹುಡುಗರು 1996ರ ಚಾಂಗ್ ವಿಧಾನ ಹಿಡಿಯುತ್ತಾರೆ, ಸುಲಭ ಅಂತ. ಅದರಲ್ಲಿ ಜನ ಮುಖ್ಯ ಅಂದ ಅಂಶಕ್ಕೂ ಕೆಲವೊಮ್ಮೆ ತೂಕ ಸೊನ್ನೆ ಬಂದುಬಿಡುತ್ತದೆ. ಅಂಶವೇ ಲೆಕ್ಕದಿಂದ ಮಾಯ. 1985ರ ಬಕ್ಲಿ ವಿಧಾನದಲ್ಲಿ ಗುಣೋತ್ತರ ಸರಾಸರಿ ಬಳಸುತ್ತಾರೆ, ಆ ಅಪಾಯ ಇಲ್ಲ. ಟಾಪ್ಸಿಸ್ ಮಾಡುವುದಾದರೆ, ಅದು ಹ್ವಾಂಗ್ ಮತ್ತು ಯೂನ್ 1981ರಲ್ಲಿ ಕೊಟ್ಟದ್ದು, ಅತ್ಯುತ್ತಮ ಕಲ್ಪಿತ ಕಟ್ಟಡಕ್ಕೆ ಎಷ್ಟು ಹತ್ತಿರ, ಅತಿ ಕೆಟ್ಟದ್ದಕ್ಕೆ ಎಷ್ಟು ದೂರ ಅಂತ ಅಳೆಯುತ್ತದೆ. ಅದರಲ್ಲಿ ನಾಲ್ಕನೇ ಕಟ್ಟಡ ಒಂದನ್ನು ಪಟ್ಟಿಗೆ ಸೇರಿಸಿದರೆ ಮೊದಲ ಮೂರರ ಕ್ರಮವೇ ಬದಲಾಗಬಹುದು. ಸೇರಿಸಿ, ತೆಗೆದು, ಎರಡೂ ಮಾಡಿ ನೋಡು.

ನಕಾಶೆ:

ಅಂಕ ಕೂಡಿಸುವ ಎಲ್ಲ ವಿಧಾನದಲ್ಲೂ ಒಂದು ತೊಂದರೆ ಇದೆ, ಅದು ಇನ್ನೂ ಯಾರೂ ಹೇಳಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ. ನೀರಿಲ್ಲದ್ದನ್ನು ಮುಖ ನೋಡಿ ತೆರೆಯುವ ಬಾಗಿಲು ಸರಿದೂಗಿಸುತ್ತದೆ. ಬದುಕಿನಲ್ಲಿ ಹಾಗಾಗುವುದಿಲ್ಲ.

ಬೆಲ್‌ಮನ್ ಮತ್ತು ಝಾಡೆ 1970ರಲ್ಲಿ ಬೇರೆ ದಾರಿ ಹೇಳಿದ್ದರು: ಕಟ್ಟಡದ ಅತಿ ಕಡಿಮೆ ಅಂಕವೇ ಅದರ ಅಂಕ. ಎಲ್ಲ ಅಂಶಕ್ಕೂ ಹಾಗೆ ಮಾಡಿದರೆ ಕಲ್ಲಿನ ಕಟ್ಟಡ ಆಟೋಮೇಷನ್ ಒಂದರಿಂದಲೇ ಬಿದ್ದುಹೋಗುತ್ತದೆ, ಅದೂ ಸರಿಯಲ್ಲ. ಇರಲೇಬೇಕಾದ ಮೂರಕ್ಕೆ ಮಾತ್ರ ಮಾಡಿ ನೋಡಿ, ಅಂದರೆ ತಂಪು, ತಡೆಯುವ ಶಕ್ತಿ, ದುರಸ್ತಿ. ಗಾಜಿನದು 3, ಸೇಡಂ ರಸ್ತೆ 7, ಕಲ್ಲಿನದು 5. ಕ್ರಮ ಹಾಗೇ ನಿಂತಿತು. ಎರಡು ಬೇರೆ ದಾರಿಯಲ್ಲಿ ಒಂದೇ ಕ್ರಮ ಬಂದರೆ ನನಗೆ ನಂಬಿಕೆ ಜಾಸ್ತಿ.

ಬೆಂಕಿ ಸುರಕ್ಷತೆಯನ್ನು ಅಂಕಕ್ಕೆ ತರಲೇಬೇಡಿ. ಅದು ಹೊಸ್ತಿಲು. ದಾಟಿದರೆ ಒಳಗೆ, ಇಲ್ಲದಿದ್ದರೆ ಇಲ್ಲ. ರಾಷ್ಟ್ರೀಯ ಸಂಹಿತೆಯಲ್ಲಿ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡ ಬಹುಮಹಡಿ ಲೆಕ್ಕಕ್ಕೆ ಬರುತ್ತದೆ, ನಿಯಮ ಬಿಗಿ. ಆ 5 ಅಂತಸ್ತಿನದರ ಎತ್ತರ ಅಳೆದು, ಕಾಗದಪತ್ರ ಕೇಳಿ. ಕಲ್ಲಿನ ಕಟ್ಟಡದಲ್ಲಿ ಮೆಟ್ಟಿಲು ಎಷ್ಟು?

ತೊಗರಿಕಣಜ:

ಎರಡು ಇವೆ ಅಂತ ನಕ್ಷೆಯಲ್ಲಿದೆ. ಹಿಂದಿನ ಮೆಟ್ಟಿಲ ತುಂಬ ಹಳೇ ಕುರ್ಚಿ, ಕಡತದ ಗಂಟು. ಬಾಗಿಲಿಗೆ ಬೀಗ. ನೋಡಲು ಹೋದ ದಿನ ನಾನು ಆ ಕಡೆ ತಲೆ ಹಾಕಿರಲೇ ಇಲ್ಲ.

ನಕಾಶೆ:

ಹಾಗಾದರೆ ಸದ್ಯಕ್ಕೆ ಅದು ಹೊಸ್ತಿಲು ದಾಟಿಲ್ಲ. ಖಾಲಿ ಮಾಡಿಸಿ, ಬೀಗ ತೆಗೆಸಿ, ಮೆಟ್ಟಿಲು ಯಾವಾಗಲೂ ಖಾಲಿ ಇರಬೇಕು ಅಂತ ಕರಾರಿನಲ್ಲೇ ಬರೆಸಿ.

ಪ್ಯಾನಲ್‌ಬೋರ್ಡ್:

ಅಕ್ಕಾ, ಇನ್ನೊಂದು ರೀತಿಯಲ್ಲೂ ನೋಡಿ. ಯಾವ ಕೊರತೆ ಸರಿಮಾಡಬಹುದು, ಯಾವುದು ಆಗಲ್ಲ? ಪಶ್ಚಿಮದ ಗಾಜಿನ ಗೋಡೆ ತಿರುಗಿಸೋಕಾಗಲ್ಲ. ಕಲ್ಲಿನ ಕಟ್ಟಡಕ್ಕೆ ಸೆನ್ಸರ್ ಹಾಕೋದು ನಾಲ್ಕು ದಿನದ ಕೆಲಸ. ಮೀಟರ್ ಮೇಲೆ ನಿಗಾ, ಸಂಪ್ ಮಟ್ಟ ಮೊಬೈಲ್‌ಗೆ ಬರುವ ಹಾಗೆ, ಜನ ಇಲ್ಲದಾಗ ದೀಪ ಆರುವ ಹಾಗೆ, ಬ್ಯಾಟರಿ ನೆಲಮಹಡಿಯ ತಂಪು ಕೋಣೆಯಲ್ಲಿ. ಎಲ್ಲ ತೆರೆದ ನಿಯಮದ ಸಾಮಾನು, ಪಾಸ್‌ವರ್ಡ್ ಸಂಘದ ಕೈಯಲ್ಲಿ. ಮಾಳಿಗೆಗೆ ಬಿಳಿ ಸುಣ್ಣ ಬಳಿಸಿ, ನಮ್ಮ ಅಜ್ಜಂದಿರು ಮಾಡುತ್ತಿದ್ದದ್ದೇ.

ಲೆಕ್ಕದಮೇಷ್ಟ್ರು:

ಒಳ್ಳೆಯ ಮಾತು. ಲೆಕ್ಕ ಹಾಕಿದೆ. ಕಲ್ಲಿನ ಕಟ್ಟಡದ ಆಟೋಮೇಷನ್ "ಕಳಪೆ"ಯಿಂದ "ಸಾಧಾರಣ"ಕ್ಕೆ ಬಂದರೆ (5.6, 7.3, 8.5). ಅದರ ಜೊತೆ ಇನ್ನೊಂದು ಸಂಪ್, ದೊಡ್ಡ ಇನ್ವರ್ಟರ್ ಸೇರಿ ತಡೆಯುವ ಶಕ್ತಿ "ಪರವಾಗಿಲ್ಲ"ಕ್ಕೆ ಏರಿದರೆ (6.4, 8.1, 9.3). ಆಗ ಮಧ್ಯ 7.9, ಸೇಡಂ ರಸ್ತೆಯದನ್ನು ದಾಟುತ್ತದೆ. ಅಗಲ ಇನ್ನೂ ಬೆರೆತೇ ಇದೆ, ಮರೆಯಬೇಡಿ. ಸೆನ್ಸರಿಗಿಂತ ಸಂಪ್‌ನಿಂದ ಸಿಗುವ ಏರಿಕೆ ಜಾಸ್ತಿ, ಅದನ್ನೂ ಗಮನಿಸಿ.

ಬೀದರ್‌ಕೋಟೆ:

ಅಂಗಳದಲ್ಲಿ ಹಳೇ ಬಾವಿ ಏನಾದರೂ ಇದೆಯಾ ಮಗಳೇ? ಆ ಕಾಲದ ಕಟ್ಟಡದಲ್ಲಿ ಹೆಚ್ಚಾಗಿ ಇರುತ್ತಿತ್ತು. ಮುಚ್ಚಿದ್ದರೂ ಮಳೆ ನೀರು ಇಳಿಸಲು ಬರುತ್ತದೆ.

ತೊಗರಿಕಣಜ:

ಇದೆ ಸರ್! ಮೇಲೆ ಫರ್ಶಿ ಹಾಸಿ ಮುಚ್ಚಿದ್ದಾರೆ, ಅದರ ಮೇಲೆ ಈಗ ಸ್ಕೂಟರ್ ನಿಲ್ಲಿಸುತ್ತಾರೆ. ಮಾಲೀಕರ ತಾಯಿ ತೋರಿಸಿದರು.

ನಿನ್ನೆ ಸಂಘದ ಸಭೆಯಲ್ಲಿ ಎಲ್ಲವನ್ನೂ ಇಟ್ಟೆ. ಮೂರು ಅಂಕಿಯ ತ್ರಿಕೋನ ನೋಡಿ ನಿರ್ದೇಶಕರು ಮೊದಲು ಗೊಂದಲಪಟ್ಟರು. "ಕಡಿಮೆ ಅಂದರೆ ಇಷ್ಟು, ಹೆಚ್ಚೆಂದರೆ ಇಷ್ಟು, ತೊಗರಿ ಇಳುವರಿ ಹೇಳುವ ಹಾಗೆ" ಅಂದೆ. ತಕ್ಷಣ ಅರ್ಥವಾಯಿತು. ಗಾಜಿನ ಕಟ್ಟಡ ಪಟ್ಟಿಯಿಂದ ಹೋಯಿತು. ತಮ್ಮ 0.5 ತೂಕವನ್ನು ವಾಪಸ್ ಪಡೆಯುತ್ತೇನೆ ಅಂತ ಆ ನಿರ್ದೇಶಕರೇ ಎದ್ದು ಹೇಳಿದರು. ಅವರ ಮೇಲೆ ಗೌರವ ಹೆಚ್ಚಾಯಿತು.

ಉಳಿದ ಎರಡಕ್ಕೆ ಮೇ ಮೊದಲ ವಾರ ಮತ್ತೆ ಹೋಗುತ್ತೇವೆ. ಈ ಸಲ ಮಧ್ಯಾಹ್ನ ಮೂರು ಗಂಟೆಗೆ, ಥರ್ಮಾಮೀಟರ್ ಹಿಡಿದು, ಏಸಿ ಮತ್ತು ಮೇನ್ ಸ್ವಿಚ್ ಅರ್ಧ ಗಂಟೆ ಆರಿಸಿ. ಬೆಳಗಿನ ಜಾವ ಇನ್ನೊಂದು ಸಲ, ಸಂಪ್ ನೋಡಲು. ಕ್ಯಾಶ್ ಕೌಂಟರಿನವರೂ, ಕಸ ಗುಡಿಸುವ ಅಮ್ಮನೂ ಜೊತೆಗೆ ಬರುತ್ತಾರೆ, ಅವರೂ ಅಂಕ ಕೊಡುತ್ತಾರೆ. ಕಲ್ಲಿನ ಕಟ್ಟಡದ ಮಾಲೀಕರಿಗೆ ಮೂರು ಪ್ರಶ್ನೆ ಬರೆದು ಕೊಟ್ಟಿದ್ದೇನೆ: ಹಿಂದಿನ ಮೆಟ್ಟಿಲು ಯಾವಾಗ ಖಾಲಿಯಾಗುತ್ತದೆ, ಎರಡನೇ ಸಂಪ್ ತೋಡಲು ಒಪ್ಪಿಗೆ ಇದೆಯಾ, ಬಾವಿ ಮೇಲಿನ ಫರ್ಶಿ ತೆಗೆಯಬಹುದಾ. ಮೊದಲನೆಯದಕ್ಕೆ ಉತ್ತರ ಇವತ್ತೇ ಬಂತು. ಭಾನುವಾರ ಖಾಲಿ ಮಾಡಿಸುತ್ತಾರಂತೆ.

ಪ್ಯಾನಲ್‌ಬೋರ್ಡ್ ಅಣ್ಣಾ, ಮೇ ತಿಂಗಳಲ್ಲಿ ಆ ದಿನ ನೀವು ಊರಲ್ಲಿ ಇರ್ತೀರಾ?

ಪ್ಯಾನಲ್‌ಬೋರ್ಡ್:

ಇರ್ತೀನಿ ಅಕ್ಕಾ. ಕ್ಲ್ಯಾಂಪ್ ಮೀಟರ್ ತರ್ತೀನಿ. ಆ ವಾಚ್‌ಮನ್ ಕಾಕಾನನ್ನೂ ಕರೀರಿ, ಸಂಪ್ ನೋಡೋಕೆ ಅವರ ಕಣ್ಣು ಬೇಕು.